ಳು

ಬಳೇಪೇಟೆಯ ಪ್ರೆಸ್ಸಿನಲ್ಲಿ ಎಲ್ಲಕ್ಕಿಂತ ಮೊದಲು ಸವೆಯುತ್ತಿದ್ದ ಮೊಳೆ
ಳು.
ಕೇಸಿನ ಬಲಮೂಲೆಯ ಗೂಡು ಮಧ್ಯಾಹ್ನಕ್ಕೇ ಬರಿದು.
ಬಂದಳು ನಕ್ಕಳು ಬೆಚ್ಚಿದಳು ಚೀರಿದಳು.
ತಿಂಗಳಿಗೆರಡು ಪತ್ತೇದಾರಿ, ನೂರಾ ಅರವತ್ತು ಪುಟ.
ಹೊಸ ಮೊಳೆ ಬೇಕೆಂದರೆ ಯಜಮಾನ ಪುಟ್ಟಸಿದ್ಧಪ್ಪನವರು
"ಹೆಂಗಸರನ್ನ ಕಮ್ಮಿ ಮಾಡೋಕೆ ಹೇಳ್ತೀನಿ, ತಡಿ" ಅನ್ನುವರು.
ಕಮ್ಮಿ ಮಾಡುವುದು ಹೇಗೆ? ಇದ್ದದ್ದೇ ಇಬ್ಬರು.

ಒಬ್ಬಳು ಆರನೇ ಪುಟದಲ್ಲಿ ತುಳಸಿಗೆ ನೀರೆರೆದು ಬರುವಳು,
ಒದ್ದೆ ಜಡೆ, ತಗ್ಗಿದ ಕಣ್ಣು,
ಬಸವನಗುಡಿಯಲ್ಲಿ ಮನೆ, ತಂದೆಗೆ ಪಿಂಚಣಿ.
ಇನ್ಸ್‌ಪೆಕ್ಟರು ಅವಳಿಗೆ "ಬನ್ನಿ, ಕೂತ್ಕೊಳ್ಳಿ" ಅನ್ನುವನು.
ಇನ್ನೊಬ್ಬಳು ಬ್ರಿಗೇಡ್ ರಸ್ತೆಯ ಹೋಟೆಲಿನ ಮೆಟ್ಟಿಲಿಳಿದು,
ತೋಳಿಲ್ಲದ ರವಿಕೆ, ಬೆರಳಲ್ಲಿ ಸಿಗರೇಟು.
ಅವಳಿಗೆ ತಂದೆ ಇಲ್ಲ, ವಿಳಾಸ ಇಲ್ಲ,
ಏಕವಚನ ಇದೆ.
ಅವಳನ್ನು ಕರೆಯುವ ಪದಕ್ಕೆ ಸೂ ಇಟ್ಟು ಮೂರು ಚುಕ್ಕಿ ಇಡಬೇಕು, ಮರ್ಯಾದೆಗೆ.
ಕತ್ತು ಹಿಸುಕುವುದನ್ನು ಪೂರ್ತಿ ಅಕ್ಷರದಲ್ಲಿ.

ನನಗೆ ತಲೆಕೆಳಗಾಗಿ ಓದಿ ರೂಢಿ.
ಹಾಗೆ ಓದಿದರೆ ಕಥೆ ಕಾಣುವುದಿಲ್ಲ, ಖರ್ಚು ಕಾಣುತ್ತದೆ:
ಒಬ್ಬಳ ಕಣ್ಣೀರಿಗೆ ಅ, ತ್ತ, ಳು.
ಇನ್ನೊಬ್ಬಳ ಹೆಣಕ್ಕೆ ಸ, ತ್ತ, ಳು.
ಅಚ್ಚಾದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು
ಫಾರಂ ಬಿಚ್ಚಿ ಮತ್ತೆ ಗೂಡಿಗೆ ಹಂಚುವಾಗ
ಯಾವ ಳು ಕನ್ಯೆಯದು, ಯಾವುದು ಮೂರು ಚುಕ್ಕಿಯವಳದು
ಯಾರು ನೋಡಿದರು.
ಖುರ್ಷಿದಾ ಮುಷ್ಟಿ ತುಂಬ ಸುರಿಯುವಳು, ಮೊರಕ್ಕೆ ಅಕ್ಕಿ ಸುರಿದ ಹಾಗೆ.

ಒಂದು ರಾತ್ರಿ ಒಂಬತ್ತೂವರೆಗೆ ಮೆಜೆಸ್ಟಿಕ್ಕಿನಲ್ಲಿ
ಕಾಮಾಕ್ಷಿಪಾಳ್ಯದ ಬಸ್ಸಿಗೆ ನಿಂತಿದ್ದೆ.
ಬೆಳಿಗ್ಗೆ ಮುಡಿದ ಕನಕಾಂಬರ, ಅದೇ ಸೀರೆ, ಸೀಸದ ಕಪ್ಪು ಬೆರಳು.
ಬೆಳಿಗ್ಗೆ ಸೀಟು ಬಿಟ್ಟು "ಕೂತ್ಕೊಳ್ಳಿ ಅಮ್ಮ" ಅಂದಿದ್ದ ಊರು
ಲೈಟುಕಂಬದ ಕೆಳಗೆ ಸ್ಕೂಟರು ನಿಲ್ಲಿಸಿ ಕೇಳಿತು,
"ಬರ್ತೀಯಾ?"
ಏಕವಚನ.

ಮರುದಿನ ಹದಿನೇಳನೇ ಅಧ್ಯಾಯ.
ಅವಳನ್ನು ಎಂಟನೇ ಮಹಡಿಗೆ ಹತ್ತಿಸಿಯಾಗಿತ್ತು.
ತಪ್ಪೊಪ್ಪಿಗೆ ಮುಗಿಯಿತು. ಗಾಳಿಗೆ ಸೆರಗು ಹಾರಿತು;
ಸೆರಗು ಹಾರದೆ ನಮ್ಮ ಲೇಖಕರು ಯಾರನ್ನೂ ಕೊಲ್ಲುತ್ತಿರಲಿಲ್ಲ.
ಆಮೇಲೆ ಹಸ್ತಪ್ರತಿಯಲ್ಲಿ ಒಂಟಿ ಸಾಲು:
ಬಿದ್ದಳು.

ಬಿ ಇಟ್ಟೆ. ದ್ದ ಇಟ್ಟೆ.
ಗೂಡಿನಲ್ಲಿ ಉಳಿದಿದ್ದ ಳು ಒಂದೇ ಒಂದು, ಕೊಂಬು ಅರ್ಧ ಮುರಿದದ್ದು.
ಇಟ್ಟೆ.
ಊಟದ ಗಂಟೆ ಹೊಡೆಯಿತು, ಎಲ್ಲರೂ ಬುತ್ತಿ ಹಿಡಿದು ಹೊರಗೆ ಹೋದರು.
ಚಿಮಟದಲ್ಲಿ ಬಿ ಎತ್ತಿ
ಎ ಇಟ್ಟೆ.
ಎ ಕೊಂಚ ಅಗಲ. ಪಕ್ಕದ ತಗಡು ತೆಳ್ಳಗಿನದು ಹಾಕಬೇಕಾಯಿತು.

ಪ್ರೂಫು ನೋಡುವ ನಂಜುಂಡಯ್ಯನವರು ಅಷ್ಟರಲ್ಲಿ ಮುಂದಿನ ಪುಟದಲ್ಲಿದ್ದರು,
ಬಸವನಗುಡಿಯಲ್ಲಿ ಇನ್ಸ್‌ಪೆಕ್ಟರು ಬೆಳ್ಳಿ ಲೋಟದ ಕಾಫಿ ಕುಡಿಯುವಲ್ಲಿ.
ಮೂರು ಸಾವಿರ ಪ್ರತಿ ಹೋಯಿತು. ಒಂದು ದೂರು ಬರಲಿಲ್ಲ.
ಅಷ್ಟು ಹೊತ್ತಿಗೆ ಅವಳನ್ನು ಯಾರು ಓದುತ್ತಾರೆ?

ಎಂಟನೇ ಮಹಡಿ, ಗಾಳಿ. ಎದ್ದಳು.
ಸೆರಗು ಸಿಕ್ಕಿಸಿದಳೋ, ಹಾರಲಿ ಎಂದು ಬಿಟ್ಟಳೋ,
ಲಿಫ್ಟಿನಲ್ಲಿ ಇಳಿದು ಯಾವ ಬಸ್ಸು ಹಿಡಿದಳೋ
ನನ್ನನ್ನು ಕೇಳಬೇಡಿ.
ಅಷ್ಟು ಳು ನಮ್ಮಲ್ಲಿ ಇರಲಿಲ್ಲ.