ತಳದ ಬೆಸುಗೆ

ಮಂತ್ರಿಯಾಗಿದ್ದವರ ಬಗ್ಗೆ ಬರೆದುಕೊಳ್ಳಲು ಬಂದಿದ್ದೀರಿ;
ಕೂರಿ. ಆ ಡಬ್ಬದ ಮೇಲೆ ಬೇಡ,
ಅದು ಅವರದು. ಈ ಸ್ಟೂಲು ತಗೊಳ್ಳಿ.

ಅರಸೀಕೆರೆ ಸ್ಟೇಷನ್ನಿಗೆ ಬೆನ್ನು ಹಾಕಿ
ಕೊಬ್ಬರಿ ಮಂಡಿ ದಾಟಿದರೆ ಅವರ ಗಿರಣಿ.
ಮೊದಲು ಬರೀ ಗಾಣ. ಕಣ್ಣಿಗೆ ಪಟ್ಟಿ ಕಟ್ಟಿದ ಒಂಟಿ ಎತ್ತು
ದಿನಕ್ಕೆ ಜಾವಗಲ್ಲು ಮುಟ್ಟುವಷ್ಟು ನಡೆದು
ಸಂಜೆ ಅದೇ ಹುಣಸೆಮರದ ಕೆಳಗೆ ನಿಂತಿರುತ್ತಿತ್ತು.
ಎತ್ತು ಸತ್ತ ವರ್ಷ ಮಲ್ಲೇದೇವಪ್ಪ ಎಂಜಿನ್ನು ತಂದರು
ಗೂಡ್ಸು ಗಾಡಿಯಲ್ಲಿ, ಅರಿಶಿನ ಹಚ್ಚಿ,
ಹೊಸ ಸೊಸೆಯನ್ನು ಮನೆ ತುಂಬಿಸಿಕೊಂಡ ಹಾಗೆ.

ನಾನು ದಸ್ತಗೀರ. ಡಬ್ಬಕ್ಕೆ ಬೆಸುಗೆ ಹಾಕುವವನು.
ತವರ, ನವಸಾಗರ, ಇದ್ದಿಲು; ನನ್ನ ವಿದ್ಯೆ ಇಷ್ಟೇ.
"ಒಳಗೆ ಇನ್ನೊಂದು ತಳ ಕೂರಿಸು, ಎರಡು ಬೆರಳು ಮೇಲೆ.
ನಡುವೆ ಮರಳು," ಅಂದರು ಒಂದು ರಾತ್ರಿ
ಮುಖ ಆ ಕಡೆ ತಿರುಗಿಸಿ.
ಕೂರಿಸಿದೆ. ಡಬ್ಬಕ್ಕೆ ಒಂದಾಣೆ ಹೆಚ್ಚು.
ಬೆಸುಗೆ ಕಾಣದಂತೆ ಉಜ್ಜುವುದು ನನಗೆ ಗೊತ್ತಿತ್ತು.
ಇದನ್ನೂ ಬರೆದುಕೊಳ್ಳಿ. ಬೇಡವೆಂದರೆ ಬಿಡಿ.

ಈ ಡಬ್ಬವೇ? ಸೀಮೆಎಣ್ಣೆಯದು, ಅವರಪ್ಪನ ಕಾಲದ್ದು.
ತಳದಲ್ಲಿ ಉಬ್ಬು ಅಕ್ಷರ. ಸ್ಟೇಷನ್ ಮಾಸ್ತರು ಓದಿ ಹೇಳಿದರು: ಬಾಕು.
"ಎಣ್ಣೆಡಬ್ಬಕ್ಕೆ ಚೂರಿಯ ಹೆಸರೇ!" ಧಣಿ ನಕ್ಕಿದ್ದರು.
ಮನೆಯ ಅಳತೆಗೆ ಇದನ್ನೇ ಇಟ್ಟುಕೊಂಡರು;
ಇದಕ್ಕೆ ಮಾತ್ರ ತಳ ಒಂದೇ.

ಪುರಸಭೆಯ ಅಧ್ಯಕ್ಷರಾದರು. ಸ್ಟೇಷನ್ ರಸ್ತೆಗೆ ದೀಪ ಬಂತು.
ಆಮೇಲೆ ಚುನಾವಣೆ. ಎಂಟು ಹಳ್ಳಿಯ ದೇವರಿಗೆ
ನಂದಾದೀಪದ ಎಣ್ಣೆ ಇವರ ಲೆಕ್ಕದಲ್ಲಿ.
ದೇವರಿಗೆ ಕೊಟ್ಟ ಡಬ್ಬವೂ ನನ್ನ ಕೈಯದೇ.
ಗೆದ್ದರು. ಮಂತ್ರಿಯಾದರು: ಆಹಾರ, ತೂಕ ಮತ್ತು ಅಳತೆ.
ಅಳತೆ! ಇದ್ದಿಲು ಊದುತ್ತಿದ್ದವನು
ನಗುವಿಗೆ ಹೊಗೆ ಕುಡಿದು ಕೆಮ್ಮಿದೆ.

ಮೂರನೇ ತಿಂಗಳು ಒಂದು ಆಜ್ಞೆ ಹೊರಟಿತು:
ರಾಜ್ಯದ ಎಣ್ಣೆ ಡಬ್ಬಗಳನ್ನು ಕುಯ್ದು ನೋಡತಕ್ಕದ್ದು.
ಎಲ್ಲಿಂದ ಶುರು, ಎಂದು ಕಾರ್ಯದರ್ಶಿ ಕೇಳಿದರಂತೆ.
"ಅರಸೀಕೆರೆ," ಅಂದರಂತೆ, "ಮಂಡಿ ದಾಟಿದ ಮೇಲೆ ಮೊದಲನೆಯದು."

ಇನ್ಸ್‌ಪೆಕ್ಟರು ಕತ್ತರಿ ಹಾಕಿದಾಗ ಮರಳು ಸುರಿಯಿತು
ಅವರ ತಮ್ಮನ ಪಂಚೆಯ ಮೇಲೆ, ನನ್ನ ಕಾಲ ಮೇಲೆ.
ಗಿರಣಿಗೆ ಬೀಗ. ನನಗೆ ಹನ್ನೊಂದು ದಿನ ಠಾಣೆ.
ಯಾಕೆ ಮಾಡಿದರು? ತಮ್ಮನ ಮೇಲಿನ ಸಿಟ್ಟು, ಅಂದರು ಕೆಲವರು.
ಪೇಪರಿನಲ್ಲಿ ಹೆಸರು ಬರಲಿ ಅಂತ, ಅಂದರು ಮಂಡಿಯವರು.
ನನಗೆ ಗೊತ್ತಿಲ್ಲ.
ಠಾಣೆಗೆ ಅನ್ನ ಅವರ ಮನೆಯಿಂದ ಬರುತ್ತಿತ್ತು,
ಕೊಬ್ಬರಿ ಎಣ್ಣೆಯ ಒಗ್ಗರಣೆ.

ಹದಿನಾಲ್ಕು ತಿಂಗಳಿಗೆ ಸರ್ಕಾರ ಬಿತ್ತು.
ರಾತ್ರಿ ಪ್ಯಾಸೆಂಜರಿನಿಂದ ಇಳಿದರು, ಹಾಸಿಗೆ ತಾವೇ ಹೊತ್ತು.
ನೆಟ್ಟಗೆ ಇಲ್ಲಿಗೆ ಬಂದು, ನೀವೀಗ ಕೂತಲ್ಲಿ ಕೂತು, ಹೇಳಿದರು:

"ದಸ್ತಗೀರ, ಬಾಕು ಅಂದರೆ ಒಂದು ಊರು ಕಣೋ.
ವಿಧಾನಸೌಧದಲ್ಲಿ ದೊಡ್ಡ ನಕ್ಷೆ ಪುಸ್ತಕ ಇದೆ, ನೋಡಿದೆ.
ಕಡಲ ದಡ. ನೆಲಕ್ಕೆ ತೂತು ಹಾಕಿದರೆ ಎಣ್ಣೆ.
ಅಲ್ಲೂ ಒಬ್ಬ ಎಣ್ಣೆ ಸಾಹುಕಾರ ರಾಜ್ಯ ಕಟ್ಟಲು ಹೋದನಂತೆ;
ಇಪ್ಪತ್ಮೂರು ತಿಂಗಳು ನಡೆಯಿತಂತೆ ಆ ರಾಜ್ಯ.
ಬಾವಿ ಹೋಯಿತು, ಮನೆ ಹೋಯಿತು, ಪರದೇಶದ ಪಾಲಾದ.
ಲೈಬ್ರರಿಯ ಮುದುಕ ಹೇಳಿದ್ದು, ನಿಜವೋ ಸುಳ್ಳೋ.
ನನ್ನದು ಅವನಿಗಿಂತ ಒಂಬತ್ತು ತಿಂಗಳು ತೂಕ ಕಮ್ಮಿ."
ನಕ್ಕರು. ನಾನು ನಗಲಿಲ್ಲ,
ನನ್ನ ಹನ್ನೊಂದು ದಿನ ಎಣಿಸುತ್ತಿದ್ದೆ.

ಜೇಬಿನಿಂದ ಚೀಟಿ ತೆಗೆದರು. ಕೊನೆಯ ನಲವತ್ತು ಡಬ್ಬ,
ಒಂದಾಣೆಯಂತೆ ಎರಡೂವರೆ ರೂಪಾಯಿ,
ಅವರದೇ ಅಕ್ಷರ.
"ಕಳ್ಳ ಕೆಲಸದ ಕೂಲಿಯೂ ಬಾಕಿ ಬಾಕಿಯೇ," ಅಂದರು.
ತಗೊಂಡೆ. ಯಾಕೆ ತಗೋಬಾರದು?

ಗಿರಣಿ ಮತ್ತೆ ತೆರೆಯಲಿಲ್ಲ. ಸೋಮವಾರಕ್ಕೊಮ್ಮೆ
ಈ ಡಬ್ಬದಲ್ಲಿ ಎಣ್ಣೆ ತಂದು ಅಳೆದು ಮಾರುತ್ತಿದ್ದರು,
ಹಳೆ ಮತದಾರರು ಚೌಕಾಸಿ ಮಾಡುತ್ತಿದ್ದರು.
ಹೋದ ಮಾಘದಲ್ಲಿ ತೀರಿಕೊಂಡರು. ಡಬ್ಬ ನನಗೆ ಬಂತು.

ನಿಮ್ಮ ಪುಸ್ತಕದಲ್ಲಿ ಅವರಿಗೆ ಎಷ್ಟು ಪುಟವೋ.
ಹೊರಡುವ ಮುಂಚೆ ಇದನ್ನೊಮ್ಮೆ ಬಡಿದು ನೋಡಿ.
ಅಲ್ಲಲ್ಲ, ಕೈ ಒಳಗೆ ಬಿಡಿ. ಇನ್ನೂ ಕೆಳಗೆ.
ತಣ್ಣಗಿದೆಯಲ್ಲ,
ಅಕ್ಷರ ಬೆರಳಿಗೆ ಹತ್ತುತ್ತದೆ.