ಕಂಸ

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ ನನ್ನ ಅಂಗಡಿ.
ಅಕ್ಷರಕ್ಕಿಷ್ಟು ಅಂತ ರೇಟು.
ಚುಕ್ಕಿ, ಕಂಸ ಪುಕ್ಕಟೆ.

ದನದ ಡಾಕ್ಟರು ಸರ್ವಮಂಗಳಾ
ಮೊದಲ ಸಲ ತಗಡು ತಂದಾಗ
ಇಂಗ್ಲಿಷಿನಲ್ಲಿ ಬರೆಸಿದ್ದರು:
ಡಾಕ್ಟರ್, ಆಮೇಲೆ ಮಿಸ್, ಆಮೇಲೆ ಹೆಸರು.
ಎರಡು ವರ್ಷಕ್ಕೆ ಅದೇ ತಗಡು ಮತ್ತೆ ಬಂತು,
ಈ ಸಲ ಅವರ ಮಾವನವರ ಕಂಕುಳಲ್ಲಿ.
ಮಿಸ್ಸಿನ ಮೇಲೆ ಬಿಳಿ ಬಳಿದು ಮಿಸೆಸ್ ಬರೆದೆ,
ಎರಡೂ ಕಡೆ ಕಂಸ ಹಾಕಿ.
"ಇರಲಿ, ಘನವಾಗಿ ಕಾಣುತ್ತೆ" ಅಂದರು ಮಾವ.

ಗಂಡಸರದು ಸುಲಭ.
ಮದುವೆಗೆ ಮುಂಚೆ ಮಿಸ್ಟರ್, ಆದ ಮೇಲೂ ಮಿಸ್ಟರ್,
ಹೆಂಡತಿ ಸತ್ತು ಇನ್ನೊಬ್ಬಳನ್ನು ಕಟ್ಟಿಕೊಂಡರೂ ಮಿಸ್ಟರೇ.
ಅವರನ್ನು ನಂಬಿದ್ದರೆ ನನ್ನ ಕುಂಚ ಉಪವಾಸ.

ಇವತ್ತು ತಾವೇ ಬಂದರು.
ಗಮ್‌ಬೂಟಿನ ಸಗಣಿ ಇನ್ನೂ ಹಸಿ,
ಆಯನೂರಿನಲ್ಲಿ ಎಮ್ಮೆಗೆ ಕರು ಹಾಕಿಸಿ ನೇರ ಬಂದಂತಿತ್ತು.
"ಕಂಸ ಅಳಿಸಿ. ಒಳಗಿರುವುದನ್ನೂ."
ಯಾಕೆ ಅಂತ ಕೇಳುವ ಕೆಲಸ ನನ್ನದಲ್ಲ.
ಆ ಜಾಗಕ್ಕೆ ಏನು ಬರೆಯಲಿ ಅಂದೆ.
ಈಚೆಗೆ ಬರೀ ಎಂ, ಎಸ್ ಅಂತಲೂ ಬರೆಸುತ್ತಾರೆ,
ಕಾಲೇಜಿನ ಲೆಕ್ಚರರ್ ಒಬ್ಬರು ಬರೆಸಿದರು.
"ಏನಂತ ಓದುವುದು ಅದನ್ನ?"
"ಮಿಝ್."
ಇಬ್ಬರೂ ಒಂದೊಂದು ಸಲ ಅಂದು ನೋಡಿದೆವು.
ಕಿವಿಯ ಹತ್ತಿರ ನೊಣ ಹಾದ ಹಾಗಾಯಿತು.
"ಬೇಡ. ಖಾಲಿ ಬಿಡಿ."
ಹಲ್ಲು ಬಿದ್ದ ಬಾಯಿ ಥರ ಕಾಣುತ್ತಲ್ಲ,
ಒಂದು ಹೂವಾದರೂ?
ನಕ್ಕರು. ಒಳಗೆ ಬಣ್ಣದ ಡಬ್ಬದ ಮೇಲೆ ಕೂತರು.

ಉಪ್ಪುಕಾಗದ ಹಿಡಿದು ಉಜ್ಜಿದೆ. ಮಿಸೆಸ್ ಹೋಯಿತು.
ಅಡಿಯಿಂದ ಮಿಸ್ ಇಣುಕಿತು, ಅದೂ ಹೋಯಿತು.
ಎಡಗಡೆಯ ಕಂಸ ಮಾತ್ರ ಮೊಂಡು.
ಏಳನೇ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರು
"ಮೊದಲು ಕಂಸದೊಳಗಿರುವುದನ್ನು ಬಿಡಿಸು" ಅಂದಾಗಲೆಲ್ಲ
ನನಗೆ ದೇವಕಿ ಕಾಣುತ್ತಿದ್ದಳು,
ಲೆಕ್ಕ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಶೆಟ್ಟಿಹಳ್ಳಿ ಕಡೆಯ ಒಬ್ಬ,
ಹೆಗಲ ಮೇಲೆ ಕಾಲು ಮುರಿದ ಮೇಕೆಮರಿ,
ಹೊರಗಿನ ಸ್ಕೂಟರಿನ ಗುರುತು ಹಿಡಿದು ಕೂಗಿದ:
"ಡಾಕ್ಟರ್ ಸಾರ್ ಒಳಗಿದಾರಾ?"
"ಇದಾರೆ" ಅಂದೆ.
ಅಂದ ಮೇಲೆ ಆ ಮಾತನ್ನು
ಅಡಿಕೆ ಹೋಳಿನಂತೆ ಬಾಯಲ್ಲಿ ಹೊರಳಿಸಿದೆ.
ಇದಾನೆ ಅಲ್ಲ, ಇದಾಳೆ ಅಲ್ಲ.
ಇದಾರೆ.
ಡಾಕ್ಟರು ಆಗಲೇ ಎದ್ದು
ಮರಿಯ ಕಾಲು ಮುಟ್ಟಿ ನೋಡುತ್ತಿದ್ದರು.

ಅಳಿಸಿದ್ದಕ್ಕೆ ರೇಟು ನನ್ನ ಗೋಡೆಯ ಮೇಲೆ ಇಲ್ಲ.
ಏನೋ ಒಂದು ಹೇಳಿದೆ, ಕೊಟ್ಟರು.
ತಗಡು ನಾಳೆ ಒಯ್ಯುತ್ತಾರೆ.
ಸಂಜೆ ಬಿಸಿಲಿಗೆ ಓರೆಯಾಗಿ ಹಿಡಿದರೆ
ಆ ಖಾಲಿಯಲ್ಲಿ ಎಡಗಡೆ ಒಂದು ಬಾಗಿದ ಗೀರು
ಈಗಲೂ ಕಾಣುತ್ತದೆ.
ಅವರಿಗೆ ಹೇಳಿಲ್ಲ.
ಇನ್ನೊಂದು ಕೋಟು ಹೊಡೆದು
ಒಣಗಲು ಇಟ್ಟಿದ್ದೇನೆ.