ಎಂಜಲು

ನಿಜ್ವಾದಿಂದ ಮಸ್ಕತ್ತಿಗೆ ಒಂದೂಮುಕ್ಕಾಲು ಗಂಟೆ.
ದಾರಿಯ ಒಂದೊಂದು ದೀಪದ ಕಂಬಕ್ಕೂ
ಕಿಟಕಿಯ ಗಾಜಿಗೆ ಬೆರಳಿನ ಒಂದು ಟಕ್ಕು.
ಶಮ್ಮಾಸನಿಗೆ ಒಂಬತ್ತು ವರ್ಷ. ಮಾತು ನಾಲ್ಕು.
ಅದರಲ್ಲೊಂದು 'ಸಾಕು'.

ಲ್ಯಾಬಿನ ಹುಡುಗ ಮೂರು ಟ್ಯೂಬು ಕೊಟ್ಟ.
ಈ ಗೆರೆಯವರೆಗೆ ಉಗುಳಿ, ನೊರೆ ಲೆಕ್ಕಕ್ಕಿಲ್ಲ.
ಎಂಜಲಿಗೂ ಒಂದು ವಿಳಾಸವಿದೆಯೆಂದು
ನನಗೆ ಗೊತ್ತಾದದ್ದು ಅಂದೇ.
ನಾನು ಉಗುಳಿದೆ. ಮೈಮುನಾ ಮುಖ ತಿರುಗಿಸಿ ಉಗುಳಿದಳು.
ಮಗ ಬಾಯಿ ಬಿಗಿದು ಕೂತ, ಅರ್ಧ ಗಂಟೆ.
ತಿನ್ನಿಸುವಂತಿಲ್ಲ, ಕುಡಿಸುವಂತಿಲ್ಲ.
ಕೊನೆಗೆ ಅವಳು ಚೀಲದಿಂದ
ಲಿಂಬೆ ಉಪ್ಪಿನಕಾಯಿಯ ಬಾಟಲಿ ತೆಗೆದು
ಮುಚ್ಚಳ ತಿರುಗಿಸಿದಳು, ಅಷ್ಟೇ.
ಇಡೀ ಕೋಣೆಯ ಬಾಯಲ್ಲಿ ನೀರು.

ಎಂಟು ತಿಂಗಳ ಮೇಲೆ ಡಾಕ್ಟರ್ ಝುವೈನಾ ಕರೆದರು.
ಸಮಾಯಿಲಿನ ತೋಟದ ಮನೆಯವರು.
ಮಿದುಳೆಂದರೆ ಖರ್ಜೂರದ ಗೊನೆ, ಅಂದರು.
ಎಳೆಯದರಲ್ಲಿ ಕಾಯಿ ಕಿಕ್ಕಿರಿದಿರುತ್ತವೆ,
ಅಜ್ಜ ಮರ ಹತ್ತಿ ಒಂದಿಷ್ಟು ಚಿವುಟಿ ಬಿಸಾಡುತ್ತಿದ್ದರು
ಉಳಿದವು ದಪ್ಪವಾಗಲೆಂದು.
ನರಕ್ಕೂ ನರಕ್ಕೂ ನಡುವಿನ ಕೊಂಡಿಗಳನ್ನೂ
ಬೆಳೆಯುತ್ತ ಬೆಳೆಯುತ್ತ ಮಿದುಳು ತಾನೇ ಚಿವುಟುತ್ತದೆ.
ಕೆಲವು ಮಕ್ಕಳಲ್ಲಿ ಆ ಕೈ ತಡೆಯುತ್ತದೋ ಏನೋ.
'ಏನೋ' ಅಂದದ್ದು ಅವರೇ.
ನನಗೆ ಹಿಡಿಸಿದ್ದು ಆ ಮಾತು.

ಮೈಮುನಾ ಕೇಳಿದ್ದು ಬೇರೆ.
ಉಳ್ಳಾಲದಿಂದ ನನ್ನ ಉಮ್ಮ ಆರು ವರ್ಷದಿಂದ ಫೋನಿನಲ್ಲಿ
ಬಸುರಿಯಲ್ಲಿ ವಿಮಾನ ಹತ್ತಿದೆ, ಸಿಟ್ಟು ಮಾಡಿಕೊಂಡೆ,
ಹಾಗಾಗಿ ಹೀಗಾಯಿತು, ಅನ್ನುತ್ತಲೇ ಇದ್ದಾರೆ.
'ನನ್ನಿಂದಲಾ?'

ಮುನ್ನೂರು ಕೋಟಿ ಅಕ್ಷರಗಳಲ್ಲಿ ಒಂದು.
ತಪ್ಪು ಎನ್ನಲೂ ಬಾರದು;
ನನ್ನ ಹೆಸರು ಪಾಸ್‌ಪೋರ್ಟಿನಲ್ಲಿ ಒಂದು ಥರ,
ಬತಾಕದಲ್ಲಿ ಇನ್ನೊಂದು ಥರ ಇರುವ ಹಾಗೆ.
ಬಂದದ್ದು ತಂದೆಯ ಕಡೆಯಿಂದ.
ಅರ್ಥ: ಅನಿಶ್ಚಿತ.
ಮೈಮುನಾ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ
ತನ್ನ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಳು.

ಚೌಕವೆಂದರೆ ಗಂಡು, ವೃತ್ತವೆಂದರೆ ಹೆಣ್ಣು, ವಂಶದ ನಕ್ಷೆ.
ಶಮ್ಮಾಸನ ಚೌಕ ಪೂರ್ತಿ ಕಪ್ಪು. ನನ್ನದು ಖಾಲಿ.
ಮೇಲೆ ಇನ್ನೊಂದು ಚೌಕ ಹಾಕಿ, ಅಂದೆ. ನನ್ನ ಬಾಪ.
ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ
ಸುಟ್ಟ ಹಂಚನ್ನು ಗೆಣ್ಣಿನಿಂದ ತಟ್ಟಿ
ಬಿರುಕು ಬಿಟ್ಟದ್ದನ್ನು ಕಿವಿಯಲ್ಲೇ ಕಂಡವರು.
ಮದುವೆ ಮನೆಯ ಗದ್ದಲಕ್ಕೆ ಹಿತ್ತಿಲಿಗೆ ಓಡಿ
ಬಾವಿಕಟ್ಟೆಯ ಹಿಂದೆ ಕೂತವರು.
ಬಿರಿಯಾನಿಯಲ್ಲಿ ಅನ್ನ ಬೇರೆ, ಮಾಂಸ ಬೇರೆ,
ಈರುಳ್ಳಿ ತಟ್ಟೆಯ ಅಂಚಿಗೆ ಸಾಲಾಗಿ.
ಖಬರಿನಲ್ಲಿದ್ದಾರೆ, ಎಂಜಲು ಸಿಗದು.
ಡಾಕ್ಟರು ಚೌಕ ಬರೆದರು. ತೀರಿಕೊಂಡವರೆಂದು ಓರೆಗೆರೆ ಎಳೆದರು.
ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ.

ನಾನು ಎಸಿ ರಿಪೇರಿಯವ.
ಸ್ಪಾನರುಗಳನ್ನು ಅಳತೆಯಂತೆ ಜೋಡಿಸದೆ ನಿದ್ದೆ ಬಾರದು.
ಇದುವರೆಗೆ ಅದಕ್ಕಿದ್ದ ಹೆಸರು
ಒಳ್ಳೆ ಕೆಲಸಗಾರ.

ಇನ್ನೊಂದು ಸಹಿ ಬೇಕಿತ್ತು. ಮೂರೂ ಎಂಜಲು
ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳಲು.
ನಾಲ್ಕು ಮಾತಿನವನ ಪರವಾಗಿಯೂ ನಾನೇ.
ಪೆನ್ನು ತಡವಾಯಿತು. ಎಲ್ಲಿಡುತ್ತೀರಿ, ತೋರಿಸಿ, ಅಂದೆ.

ಓಣಿಯ ಕೊನೆಗೆ ಫ್ರೀಜರು, ಮೈನಸ್ ಎಂಬತ್ತು.
ಶಮ್ಮಾಸ್ ಹತ್ತು ಹೆಜ್ಜೆ ಈಚೆಯೇ ನಿಂತ.
ಕಿವಿ ಮುಚ್ಚಿದ. 'ಸಾಕು.'
ಹೆದರಿದ ಪಾಪ, ಅಂದ ಹುಡುಗ.
ನಾನು ಅದರ ಪಕ್ಕೆಗೆ ಗೆಣ್ಣು ಆನಿಸಿ ನಿಂತೆ.
ಗುಂಯ್‌ಗುಡುವಿಕೆಯ ಅಡಿಯಲ್ಲಿ
ಕೂದಲೆಳೆಯಷ್ಟು ಒಂದು ಕಿರಕು.

ಫ್ಯಾನಿನ ಬೇರಿಂಗ್ ಹೋಗ್ತಿದೆ ಮಾರಾಯ, ಅಂದೆ,
ಬದಲಾಯಿಸಿ, ಇಲ್ಲದಿದ್ದರೆ ಎಲ್ಲರ ಉಗುಳೂ ನೀರಾಗುತ್ತದೆ.
ಹುಡುಗ ಬಾಗಿ ಕಿವಿಯಿಟ್ಟ.
ತುಂಬಾ ಹೊತ್ತು ಇಟ್ಟ.
ಏನೂ ಕೇಳಿಸುವುದಿಲ್ಲವಲ್ಲ, ಅಂದ.